ಜಾಕ್ಸನ್ ಹೈಟ್ಸ್‌ನಿಂದ ಅಪ್ಪನಿಗೊಂದು ಡಿಸೆಂಬರ್ ಕಾಗದ

ನ್ಯೂಯಾರ್ಕ್
28 ಡಿಸೆಂಬರ್ 2024

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮ. ಅಲ್ಲಿ ಅಡಿಕೆ ಕೊಯ್ಲು ಎಲ್ಲಿಗೆ ಬಂತು, ಕೊಯ್ಲಿನ ಓಡಾಟದಲ್ಲಿ ಅಪ್ಪನ ಸೊಂಟ ನೋವು ಎಷ್ಟಕ್ಕೆ ನಿಂತಿದೆ ಎಂಬುದನ್ನು ಅಮ್ಮ ಮುಚ್ಚಿಡದೆ ತಿಳಿಸಬೇಕು.

ಅಪ್ಪ, ಫೋನಿನಲ್ಲಿ ಮಾತೆಲ್ಲ ಅಮ್ಮನ ಪಾಲು. ನಿಮಗೆ ಉಳಿಯುವುದು "ಸರಿ, ಇಡುತ್ತೇನೆ" ಎನ್ನುವುದೊಂದೇ. ನೌಕರಿಯುದ್ದಕ್ಕೂ ಊರವರ ಕಾಗದಗಳಿಗೆ ಮುದ್ರೆ ಒತ್ತಿದ ಪೋಸ್ಟ್‌ಮಾಸ್ಟರನಿಗೆ ಸ್ವಂತ ಮಗಳಿಂದ ಒಂದು ಕಾಗದ ಬರಬಾರದೇ ಎಂದು ಕಳೆದ ಸಲ ಕೇಳಿದಿರಲ್ಲ, ಅದಕ್ಕೇ ಇದು. ಅಮ್ಮನಿಗೆ ಓದಿ ಹೇಳಿ. ಅವಳು ನಡುನಡುವೆ ಬಾಯಿ ಹಾಕದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ.

ಟಿ.ವಿ.ಯಲ್ಲಿ ರಾಕ್‌ಫೆಲ್ಲರ್ ಸೆಂಟರ್‌ನ ಕ್ರಿಸ್‌ಮಸ್ ಮರ ನೋಡಿ, ಅದು ನಿಮ್ಮ ಮನೆಗೆ ಹತ್ತಿರವೇ ಎಂದು ಕೇಳಿದ್ದಿರಿ. ಎಫ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಅಲ್ಲಿರಬಹುದು. ಪುಟ್ಟಿಯ ಹಟಕ್ಕೆ ಹೋಗಿಯೂ ಬಂದೆವು. ಮ್ಯಾಸಚೂಸೆಟ್ಸ್‌ನಿಂದ ತಂದ 74 ಅಡಿಯ ಸ್ಪ್ರೂಸ್ ಮರ, ಸಾವಿರಾರು ದೀಪ. ನಮಗೆ ಕಂಡದ್ದು ಮಾತ್ರ ಮುಂದೆ ನಿಂತವರು ಎತ್ತಿ ಹಿಡಿದ ಮೊಬೈಲುಗಳು. ಆ ನ್ಯೂಯಾರ್ಕ್ ನಮ್ಮದಲ್ಲ. ಅಲ್ಲಿ ನಾವೂ ನೋಡಲು ಬಂದ ಪರಊರಿನವರೇ. ನಮ್ಮ ಊರೆಂದರೆ ಕ್ವೀನ್ಸ್‌ನ ಈ ಜಾಕ್ಸನ್ ಹೈಟ್ಸ್: ರೂಸ್‌ವೆಲ್ಟ್ ಅವೆನ್ಯೂ, ಅದರ ನೆತ್ತಿಯ ಮೇಲೆ ಕಬ್ಬಿಣದ ಕಂಬಗಳ ಮೇಲೇರಿ ಗಡಗಡನೆ ಓಡುವ 7ನೇ ನಂಬರಿನ ರೈಲು, ಅದರ ಕೆಳಗೆ ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೊ, ಬಾಂಗ್ಲಾದೇಶ, ನೇಪಾಳ, ಟಿಬೆಟ್, ಪಂಜಾಬು ಎಲ್ಲವೂ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯುವ ಕಾಲುದಾರಿ. ಹಬ್ಬದ ಹೊತ್ತಿನಲ್ಲಿ ಒಂಟಿಯಾಗಿ ಹೇಗಿರುತ್ತೀಯೋ ಎಂದು ಅಮ್ಮ ಪ್ರತಿ ಸಲವೂ ಮರುಗುತ್ತಾಳೆ. ಇಲ್ಲಿ ಒಂಟಿಯಾಗಿರಬೇಕೆಂದರೆ ಬಾಗಿಲಿಗೆ ಬೀಗ ಹಾಕಿಕೊಂಡು ಒಳಗೆ ಅಡಗಬೇಕು.

ನಮ್ಮ ದೀಪಾವಳಿಯ ಸುದ್ದಿ ಹಳೆಯದಾಯಿತು, ಆದರೂ ಒಂದು ಸಂಗತಿ ನಿಮಗೆ ಹಿಡಿಸುತ್ತದೆ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ಈ ವರ್ಷ ಮೊದಲ ಬಾರಿಗೆ ದೀಪಾವಳಿ ರಜೆ ಸಿಕ್ಕಿತು. ಕಾನೂನಿಗೆ ರಾಜ್ಯಪಾಲರ ಸಹಿ ಬಿದ್ದದ್ದು 2023ರಲ್ಲಿ. ಆ ಮೊದಲ ರಜೆ ಬಂದದ್ದು ನವೆಂಬರ್ 1ಕ್ಕೆ! ರಾಜ್ಯೋತ್ಸವಕ್ಕಾಗಿ ಅಮೆರಿಕದವರು ಶಾಲೆ ಮುಚ್ಚಿದ್ದಾರೆ ಎಂದು ನಿಮ್ಮ ಅಳಿಯ ಪುಟ್ಟಿಗೆ ಹೇಳಿ ನಂಬಿಸಿಬಿಟ್ಟರು. ಅವಳು ಅದನ್ನೇ ಹೋಗಿ ಟೀಚರಿಗೆ ಹೇಳಿದ್ದಾಳೆ. ಪಟಾಕಿ ಮಾತ್ರ ಇಲ್ಲ. ಈ ನಗರದಲ್ಲಿ ಸುರುಸುರುಬತ್ತಿ ಹಚ್ಚುವುದೂ ಅಪರಾಧ. ಕಿಟಕಿಯಲ್ಲಿ ಹಣತೆ ಸಾಲಿಟ್ಟೆವು. 73ನೇ ಬೀದಿಯ ಬಾಂಗ್ಲಾದೇಶಿ ಅಂಗಡಿಯವರು ಚೆಂಡುಹೂವು, ತೆಂಗಿನಕಾಯಿ ಎರಡನ್ನೂ ಅಂಗಡಿಯ ಹೊರಗೇ ರಾಶಿ ಹಾಕಿದ್ದರು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದದ್ದೇ ತಡ, ಔಷಧಿ ಅಂಗಡಿಯ ಎದುರಿನ ಕಾಲುದಾರಿ ರಾತ್ರೋರಾತ್ರಿ ಕಾಡಾಗುತ್ತದೆ. ಕ್ರಿಸ್‌ಮಸ್ ಮರ ಮಾರುವವರು ದೂರದಿಂದ ಬರುತ್ತಾರೆ. ನಮ್ಮ ಮೂಲೆಗೆ ಬರುವವರು ಕೆನಡಾದ ಕ್ವಿಬೆಕ್‌ನವರು. ವ್ಯಾನಿನಲ್ಲೇ ಪಾಳಿಯ ಮೇಲೆ ಮಲಗುತ್ತಾರೆ, ಹಗಲೂ ರಾತ್ರಿ ಮರ ಕಾಯುತ್ತಾರೆ. ಆಳೆತ್ತರದ ಮರಕ್ಕೆ ನೂರು ಡಾಲರಿಗೂ ಮೇಲೆ ಹೇಳಿ, ಕೊಳ್ಳುವವರ ಮುಖ ನೋಡಿ ಇಳಿಸುತ್ತಾರೆ. ನಾವು ಮರ ಕೊಳ್ಳುವುದಿಲ್ಲ. ಆದರೆ ಅವರು ಕತ್ತರಿಸಿ ಬಿಸಾಡುವ ಕೆಳಗಿನ ಕೊಂಬೆಗಳನ್ನು ಪುಟ್ಟಿ ಬಾಚಿಕೊಂಡು ಬರುತ್ತಾಳೆ, ಮನೆಯೆಲ್ಲ ಘಮಘಮ. ಹಬ್ಬ ಮುಗಿದ ಮೇಲೆ ಜನ ಈ ಮರಗಳನ್ನು ಪಾರ್ಕಿಗೆ ಒಯ್ದು ಕೊಡುತ್ತಾರೆ. ಜನವರಿಯಲ್ಲಿ ನಗರದವರು ಅವನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿ ಗಿಡದ ಬುಡಗಳಿಗೆ ಹೊದಿಸುತ್ತಾರೆ. ತೋಟಕ್ಕೆ ದರಗು ಹೊದಿಸಿದ ನಿಮ್ಮ ಕೈ ಇದನ್ನು ಒಪ್ಪುತ್ತದೆ.

ಈಗ ಇದರ ಇನ್ನೊಂದು ಮುಖ ಕೇಳಿ. ಡಿಸೆಂಬರ್ ತಿಂಗಳಲ್ಲಿ ಕಾಲುದಾರಿಯ ಮೇಲೆ ಈ ಮರಗಳನ್ನು ಮಾರಲು ನಗರದ ಪರವಾನಗಿ ಬೇಡ, ಪಕ್ಕದ ಕಟ್ಟಡದವರು ಒಪ್ಪಿದರೆ ಸಾಕು. 1938ರಲ್ಲಿ ಮಾಡಿದ ವಿನಾಯಿತಿ ಇಂದಿಗೂ ಹಾಗೆಯೇ ಇದೆ. ಅದೇ ಮೂಲೆಯಲ್ಲಿ ಮೆಕ್ಸಿಕೊದ ಒಬ್ಬ ಹೆಂಗಸು ನಸುಕಿನಲ್ಲಿ ತಮಾಲೆ ಮಾರುತ್ತಾಳೆ. ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದು. ಹಂದಿಯ ಕೊಬ್ಬು ಹಾಕುತ್ತಾರಾದ್ದರಿಂದ ನಾನು ತಿಂದವಳಲ್ಲ. ಕೆಲಸಕ್ಕೆ ಓಡುವಾಗ ಅವಳ ಬಳಿ ಚಂಪುರಾದೊ ಎಂಬ ಬಿಸಿ ಪಾನೀಯ ಕುಡಿಯುತ್ತೇನೆ. ಮೆಕ್ಕೆಜೋಳ, ಚಾಕೊಲೇಟು, ದಾಲ್ಚಿನ್ನಿ ಹಾಕಿ ಗಟ್ಟಿಯಾಗಿ ಕಾಯಿಸಿದ್ದು. ಆಹಾರ ಮಾರುವ ಪರವಾನಗಿಗಳ ಸಂಖ್ಯೆಗೆ ನಗರ 1980ರ ದಶಕದಲ್ಲೇ ಮಿತಿ ಹಾಕಿ ಕೂತಿದೆ. ಹಾಗಾಗಿ ಬಹಳ ಮಂದಿಗೆ ಪರವಾನಗಿಯೇ ದಕ್ಕುವುದಿಲ್ಲ. ಅಕ್ಟೋಬರಿನಿಂದ ರೂಸ್‌ವೆಲ್ಟ್ ಅವೆನ್ಯೂದಲ್ಲಿ ಪೊಲೀಸರ ಓಡಾಟ ಹೆಚ್ಚಿದೆ, ಕಾಲುದಾರಿ ಖಾಲಿ ಮಾಡಿಸುತ್ತಿದ್ದಾರೆ. ನಡೆಯಲು ಜಾಗ ಸಿಕ್ಕಿತೆಂದು ಸಂತೋಷಪಡುವವರೂ ಇದ್ದಾರೆ, ಅವರದ್ದೂ ಸುಳ್ಳಲ್ಲ. ಅದರ ಮೇಲೆ, ಅಕ್ರಮ ವಲಸಿಗರನ್ನು ಹೊರಹಾಕುತ್ತೇನೆಂದ ಟ್ರಂಪ್ ಗೆದ್ದ ನವೆಂಬರಿನ ಚುನಾವಣೆ. ಕಾಗದಪತ್ರವಿಲ್ಲದವರ ಮುಖದಲ್ಲಿ ಈ ಹಬ್ಬಕ್ಕೆ ಕಳೆಯಿಲ್ಲ. ಒಂದೇ ಕಾಲುದಾರಿಯಲ್ಲಿ ಮರಕ್ಕೆ ಜಾಗವಿದೆ, ತಮಾಲೆ ಪಾತ್ರೆಗಿಲ್ಲ. ನಾನು ಹೀಗೆಂದರೆ ನಿಮ್ಮ ಅಳಿಯ "ನೀನು ಚಂಪುರಾದೊ ಪಕ್ಷ" ಎಂದು ನಗುತ್ತಾರೆ. ಆಗಲಿ, ಅದೇ ಪಕ್ಷ.

ನಮ್ಮ ಕಟ್ಟಡದ ವಿಷಯ ಹೇಳದಿದ್ದರೆ ಅಮ್ಮನಿಗೆ ಸಮಾಧಾನವಾಗದು. ಚಳಿ ಜೋರಾಗಿದ್ದಾಗಲೇ ಬಾಯ್ಲರ್ ಕೆಟ್ಟಿತು. ಇಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡುವುದು ಮಾಲೀಕರ ಕಾನೂನುಬದ್ಧ ಹೊಣೆ: ಹಗಲಿನಲ್ಲಿ ಹೊರಗೆ ಸುಮಾರು 13 ಡಿಗ್ರಿಗಿಂತ ಕೆಳಗಿಳಿದರೆ ಒಳಗೆ 20 ಡಿಗ್ರಿಯಾದರೂ ಇರಬೇಕು. ಮಾಲೀಕರು ಫೋನೆತ್ತಲಿಲ್ಲ. ಎಲ್ಲ ಮಹಡಿಯವರೂ ಸೇರಿ ನಗರದ 311 ಸಂಖ್ಯೆಗೆ ಬೇರೆಬೇರೆಯಾಗಿ ದೂರು ಕೊಟ್ಟ ಮೇಲೆ ರಿಪೇರಿಯವರು ಬಂದರು. ಆ ದಿನಗಳಲ್ಲಿ ಮೇಲಿನ ಮಹಡಿಯ ನೇಪಾಳಿ ಹುಡುಗರು ಹೀಟರ್ ಒಂದನ್ನು ನಮಗೆ ಕೊಟ್ಟು, ತಾವು ಜಾಕೆಟ್ ಹಾಕಿಕೊಂಡೇ ಮಲಗಿದರು. ಪುಟ್ಟಿ ಇದ್ದಾಳಲ್ಲ, ಅದಕ್ಕೆ.

ಪಕ್ಕದ ಮನೆಯ ಕೊಲಂಬಿಯಾದ ಅಜ್ಜಿಯ ಬಗ್ಗೆ ಅಮ್ಮನಿಗೆ ಗೊತ್ತೇ ಇದೆ. ಡಿಸೆಂಬರಿನಲ್ಲಿ ಕಟ್ಟಡದ ಬಾಗಿಲಲ್ಲಿಟ್ಟ ಪಾರ್ಸೆಲ್ಲುಗಳು ಕಳವಾಗುವುದು ಇಲ್ಲಿ ಮಾಮೂಲು. ಆದ್ದರಿಂದ ಎಲ್ಲರ ಡಬ್ಬಗಳೂ ಅವರ ಮನೆಯೊಳಗೆ ಹೋಗುತ್ತವೆ. ಸಂಜೆ ಹೋಗಿ ಬಿಡಿಸಿಕೊಂಡು ಬರಬೇಕು, ಬರಿಗೈಯಲ್ಲಿ ಕಳಿಸುವುದಿಲ್ಲ. ಡಿಸೆಂಬರ್ 16ರಿಂದ 24ರವರೆಗೆ ಅವರಲ್ಲಿ ನೊವೇನಾ: ಒಂಬತ್ತು ಸಂಜೆ ನೆಂಟರಿಷ್ಟರು, ನೆರೆಯವರು ಸೇರಿ ಬಾಲ ಯೇಸುವಿನ ಪ್ರಾರ್ಥನೆ ಓದಿ, ಗಿಲಕಿ ಆಡಿಸುತ್ತ ಹಾಡುತ್ತಾರೆ. ಒಂದು ದಿನ ಒಬ್ಬರ ಮನೆ, ಮರುದಿನ ಇನ್ನೊಬ್ಬರದು. ಒಂದು ಸಂಜೆ ನಮ್ಮನ್ನೂ ಕರೆದರು. ಅವರ ಸ್ಪ್ಯಾನಿಷ್ ನಮಗೆ ಅಷ್ಟಕ್ಕಷ್ಟೇ, ನಮ್ಮ ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ಪುಟ್ಟಿಯ ಕೈಯಲ್ಲಿ ಗಿಲಕಿ ಬಿತ್ತು, ಅಲ್ಲಿಗೆ ಎಲ್ಲ ಸರಿಹೋಯಿತು. ಆಮೇಲೆ ನಾತೀಯಾ ಎಂಬ ಸಿಹಿ. ಹಾಲು, ಬೆಲ್ಲ, ಮೆಕ್ಕೆಜೋಳದ ಪಿಷ್ಟ, ದಾಲ್ಚಿನ್ನಿ ಹಾಕಿ ಕೈಬಿಡದೆ ಮಗುಚಿ, ತಟ್ಟೆಗೆ ಸುರಿದು ಆರಿದ ಮೇಲೆ ಕತ್ತರಿಸಿದ್ದು. ಅಮ್ಮಾ, ನಿನ್ನ ಹಾಲುಬಾಯಿಯ ದೂರದ ತಂಗಿಯೆಂದರೆ ಸರಿ. ಜೊತೆಗೆ ಕೊಟ್ಟ ಬುನ್ಯುವೆಲೊ ಎಂಬ ಚೀಸಿನ ಕರಿದ ಉಂಡೆಗೆ ಮೊಟ್ಟೆ ಹಾಕುತ್ತಾರೆ. ಅಜ್ಜಿ ಮೊದಲೇ ಹೇಳಿ ನಮ್ಮ ತಟ್ಟೆಯಿಂದ ತೆಗೆದರು. ಮರುದಿನ ನಾನು ತೊಡೆದೇವು ಕೊಟ್ಟೆ, ನೀನು ಕಳಿಸಿದ್ದರಲ್ಲಿ ಉಳಿದದ್ದು. ಇದು ಕಾಗದವೇ ಎಂದು ಅಜ್ಜಿ ಎರಡೂ ಕಡೆ ತಿರುಗಿಸಿ ನೋಡಿದರು. ಅಂದ ಹಾಗೆ, ಈ ದೀಪಾವಳಿಗೆ ನಮ್ಮಲ್ಲಿಗೆ ಅಂಟಿಗೆ ಪಂಟಿಗೆಯವರು ಬಂದಿದ್ದರೇ? ಹಾಡುವವರು ಎಷ್ಟು ಮಂದಿ ಉಳಿದಿದ್ದಾರೆ?

24ರ ಬೆಳಿಗ್ಗೆ ಸ್ವಲ್ಪ ಹಿಮ ಬಿತ್ತು, ಕ್ರಿಸ್‌ಮಸ್ ದಿನವೂ ಕರಗದೆ ಉಳಿದಿತ್ತು. ಇಲ್ಲಿನವರು ಇದಕ್ಕಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ. ಈ ಸಲ ಯಹೂದಿಗಳ ಹನುಕ್ಕಾ ಕೂಡ 25ರ ಸಂಜೆಯೇ ಶುರುವಾಯಿತು, 2005ರ ನಂತರ ಹೀಗಾದದ್ದು ಇದೇ ಮೊದಲಂತೆ. ಮೂರನೇ ಮಹಡಿಯ ವೃದ್ಧರು ಕೆಳಗಿನ ಹಜಾರದಲ್ಲಿ, ಕ್ರಿಸ್‌ಮಸ್ ಮರದ ಪಕ್ಕದಲ್ಲೇ, ತಮ್ಮ ದೀಪಸ್ತಂಭದ ಮೊದಲ ದೀಪ ಹಚ್ಚಿದರು.

ಇನ್ನು ನಿಮ್ಮ ಇಲಾಖೆಯ ವಿಷಯ. ಅದನ್ನು ಕೊನೆಗೆಂದೇ ಇಟ್ಟುಕೊಂಡಿದ್ದೆ. ಡಿಸೆಂಬರಿನಲ್ಲಿ ಕಟ್ಟಡ ನೋಡಿಕೊಳ್ಳುವವರಿಗೆ ಲಕೋಟೆಯಲ್ಲಿ ಹಣವಿಟ್ಟು ಕೊಡುವುದು ಇಲ್ಲಿನ ರೂಢಿ. ಎಷ್ಟು ಕೊಡಬೇಕೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕಡಿಮೆಯಾದರೆ ಮಾತ್ರ ವರ್ಷವಿಡೀ ತಿಳಿಯುತ್ತದೆ. ಅಂಚೆಯವರಿಗೆ ಆ ಲಕೋಟೆ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ನೌಕರರಾದ್ದರಿಂದ ನಗದು ಮುಟ್ಟುವಂತಿಲ್ಲ. ಒಮ್ಮೆಗೆ 20 ಡಾಲರ್ ಮೀರದ ವಸ್ತುವನ್ನಷ್ಟೇ ತೆಗೆದುಕೊಳ್ಳಬಹುದು. ಹಬ್ಬದ ಖುಷಿ ಎಂದು ಯಾರಾದರೂ ನೋಟು ಚಾಚಿದರೆ ನೀವು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದದ್ದು ನೆನಪಾಯಿತು. ನಮ್ಮ ಬೀದಿಯ ಅಂಚೆಯಮ್ಮನಿಗೆ ಒಂದು ಜೊತೆ ಉಣ್ಣೆಯ ಕೈಗವಸು ಕೊಟ್ಟೆವು.

ಮಕ್ಕಳು ಸಾಂತಾಕ್ಲಾಸನಿಗೆ ಬರೆಯುವ ಕಾಗದಗಳನ್ನು ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ವಿಳಾಸದಾರನಿಲ್ಲದ ಕಾಗದ ಎಂದು ಬದಿಗಿಡುತ್ತಿದ್ದಿರೇನೋ. ಇಲ್ಲಿ 1912ರಲ್ಲಿ ಅಂಚೆ ಇಲಾಖೆಯ ಮುಖ್ಯಸ್ಥರು ಅವನ್ನು ತೆರೆದು ಉತ್ತರಿಸಲು ಅಧಿಕೃತವಾಗಿಯೇ ಅನುಮತಿ ಕೊಟ್ಟರು. ಈಗ ಅದಕ್ಕೊಂದು ವಿಳಾಸವೇ ಇದೆ, 88888 ಎಂಬ ಪಿನ್‌ಕೋಡ್ ಸಹಿತ. ಹೆಸರು, ವಿಳಾಸ ಮರೆಮಾಡಿದ ಕಾಗದಗಳನ್ನು ಕಂಪ್ಯೂಟರಿನಲ್ಲಿ ಓದಿ, ಒಂದನ್ನು ಆರಿಸಿಕೊಂಡು, ಕೇಳಿದ್ದನ್ನು ಅಂಚೆಯ ಮೂಲಕ ಕಳಿಸಬಹುದು. ಕಳಿಸಿದವರಿಗೆ ಮಗು ಯಾರೆಂದು ತಿಳಿಯುವುದಿಲ್ಲ. ನಾನೂ ಕಚೇರಿಯ ಗೆಳತಿಯೂ ಸೇರಿ ಒಂದು ಕಾಗದ ತೆಗೆದುಕೊಂಡೆವು. ತನಗೆ ಚಿತ್ರ ಬರೆಯುವ ಬಣ್ಣ, ತಮ್ಮನಿಗೆ ಬೂಟು, ಅಮ್ಮನಿಗೆ "ಬಿಸಿಯಾದ ಏನಾದರೂ" ಬೇಕೆಂದು ಬರೆದಿತ್ತು ಆ ಮಗು. ತಮ್ಮನ ಬೂಟಿನ ಅಳತೆಯನ್ನೂ ಮರೆಯದೆ ಬರೆದಿತ್ತು. ಮೂರನ್ನೂ ಕಳಿಸಿದೆವು.

31ರ ರಾತ್ರಿ ಟೈಮ್ಸ್ ಸ್ಕ್ವೇರ್‌ಗೆ ಹೋಗುವುದಿಲ್ಲ, ಅಮ್ಮ ಹೆದರುವುದು ಬೇಡ. ಅಜ್ಜಿಯ ಮನೆಯಲ್ಲೇ ಹನ್ನೆರಡು ಹೊಡೆಯುವಾಗ ಹನ್ನೆರಡು ದ್ರಾಕ್ಷಿ ತಿನ್ನಬೇಕು. ಆಮೇಲೆ ಖಾಲಿ ಸೂಟ್‌ಕೇಸ್ ಹಿಡಿದು ಬೀದಿಯ ಸುತ್ತ ಒಂದು ಸುತ್ತು ಬರಬೇಕು. ಹಾಗೆ ಮಾಡಿದರೆ ವರ್ಷದಲ್ಲಿ ಪ್ರಯಾಣ ಖಚಿತವಂತೆ. ಪುಟ್ಟಿ ತನ್ನ ಶಾಲೆಯ ಚೀಲವನ್ನು ಈಗಲೇ ಖಾಲಿ ಮಾಡಿಟ್ಟಿದ್ದಾಳೆ. ಶಾಲೆಗೆ ದೊಡ್ಡ ರಜೆ ಸಿಗುವುದು ಜೂನ್ ಕೊನೆಗೆ, ಅಂದರೆ ಬಂದರೆ ಮಳೆಯಲ್ಲೇ. ಟಿಕೆಟ್ ಇನ್ನೂ ಮಾಡಿಲ್ಲ. ಮೇಲಿನ ಕೋಣೆಯ ಹಂಚು ಸೋರುವುದನ್ನು ಮಾತ್ರ ಮೇ ತಿಂಗಳೊಳಗೆ ನೋಡಿಸಿ.

ಉತ್ತರ ಬರೆಯುವಾಗ ಮನೆಯ ಸಂಖ್ಯೆಯನ್ನು ದೊಡ್ಡದಾಗಿ ಬರೆಯಿರಿ, ಅಪ್ಪ. ಅಂಚೆಯವರಾಗಿಯೂ ಕಳೆದ ಸಲ ಅದನ್ನೇ ಬಿಟ್ಟಿದ್ದಿರಿ. ನಿಮ್ಮ ದೀಪಾವಳಿಯ ಲಕೋಟೆ ನೇಪಾಳಿ ಹುಡುಗರ ಫ್ರಿಜ್ಜಿನ ಮೇಲೆ ವಾರವಿಡೀ ಕೂತಿತ್ತು.

ಇಂತಿ ನಿಮ್ಮ ಪ್ರೀತಿಯ ಮಗಳು