ಹೆಸರು ಗೊತ್ತಿಲ್ಲದ ಆ ಸಂಪಾದಕರಿಗೆ

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಯಾರು ಏನು ತಿದ್ದಿದರು ಎಂದು ತೋರಿಸುವ ವಿಕಿಪೀಡಿಯ ಪುಟದ ಇತಿಹಾಸದಲ್ಲಿ, ನಿಮ್ಮ ಹೆಸರಿನ ಜಾಗದಲ್ಲಿ ಸುಮ್ನೆ ಒಂದಷ್ಟು ಅಂಕಿಗಳಿವೆ, ಅಷ್ಟೇ.

ಕನ್ನಡ ವಿಕಿಪೀಡಿಯಕ್ಕೆ 'ಡಬಲ್ ಇಂಡೆಮ್ನಿಟಿ' ಚಿತ್ರದ ಬಗ್ಗೆ ಒಂದು ಲೇಖನ ಬರೆದಿದ್ದೆ. 1944ರ ಕಪ್ಪು ಬಿಳುಪು ಸಿನಿಮಾ, ಬಿಲ್ಲಿ ವೈಲ್ಡರ್ ನಿರ್ದೇಶನ. ರಾತ್ರಿ ನಿದ್ದೆಗೆಟ್ಟು ಬರೆದದ್ದು, ತಪ್ಪು ಜಾಸ್ತಿಯೇ ಇತ್ತು. ಚಿತ್ರದ ಮೂಲ ಕಾದಂಬರಿ ಪತ್ತೇದಾರಿ ಲೇಖಕ ರೇಮಂಡ್ ಚಾಂಡ್ಲರ್ ಅವರದ್ದು ಅಂತ ಬರೆದುಬಿಟ್ಟಿದ್ದೆ. ಬೆಳಗ್ಗೆ ನೋಡಿದರೆ ನೀವು ತಿದ್ದಿದ್ದಿರಿ. ಪಕ್ಕದಲ್ಲಿ ಒಂದೇ ಸಾಲು: 'ಕಾದಂಬರಿ ಜೇಮ್ಸ್ ಎಂ. ಕೇನ್ ಅವರದ್ದು, ಚಾಂಡ್ಲರ್ ವೈಲ್ಡರ್ ಜೊತೆ ಚಿತ್ರಕಥೆ ಬರೆದರು.' ಬೈಗುಳ ಇಲ್ಲ, ಉಪದೇಶವೂ ಇಲ್ಲ.

ಆಸ್ಕರ್ ಬಂತು ಅಂತಲೂ ಬರೆದಿದ್ದೆ! ಏಳು ನಾಮನಿರ್ದೇಶನ, ಒಂದೂ ಪ್ರಶಸ್ತಿ ಇಲ್ಲ. ಅದನ್ನೂ ಸರಿ ಮಾಡಿದಿರಿ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. 'ವೈಲ್ಡರ್ ಒಂದು ನ್ವಾರ್ ಚಿತ್ರ ಮಾಡಲು ಹೊರಟರು' ಎಂಬ ನನ್ನ ಸಾಲನ್ನು ನೀವು ಅಳಿಸಲಿಲ್ಲ. ನ್ವಾರ್ ಅಂದರೆ ಅಪರಾಧ, ಮೋಸ, ಕತ್ತಲು ನೆರಳುಗಳ ಚಿತ್ರ. ಫ್ರೆಂಚ್ ವಿಮರ್ಶಕ ನೀನೋ ಫ್ರಾಂಕ್ ಈ ಬಗೆಯ ಹಾಲಿವುಡ್ ಚಿತ್ರಗಳಿಗೆ ಆ ಹೆಸರು ಬಳಸಿದ್ದು 1946ರಲ್ಲಿ ಅಂತ ಚರ್ಚೆ ಪುಟದಲ್ಲಿ ಹೇಳಿ, ತಿದ್ದುವುದನ್ನು ನನಗೇ ಬಿಟ್ಟಿರಿ. ಸಿನಿಮಾ ಮೊದಲು, ಹೆಸರು ಆಮೇಲೆ. ನನಗದು ಹೊಳೆದೇ ಇರಲಿಲ್ಲ.

ಚಾಂಡ್ಲರ್ ಆ ಚಿತ್ರದಲ್ಲಿ ಒಂದು ಕ್ಷಣ ಕಾಣಿಸಿಕೊಳ್ಳುತ್ತಾರೆ, ಗೊತ್ತಲ್ವಾ? ಆಫೀಸಿನ ಹೊರಗೆ ಕುರ್ಚಿಯಲ್ಲಿ ಕೂತು ಏನೋ ಓದುತ್ತಿರುತ್ತಾರೆ. ನಾಯಕ ಪಕ್ಕದಲ್ಲೇ ದಾಟಿ ಹೋಗುತ್ತಾನೆ. ಈಗ ಆ ದೃಶ್ಯ ನೋಡಿದಾಗಲೆಲ್ಲ ನಿಮ್ಮ ನೆನಪು.

ತುಂಬಾ ಥ್ಯಾಂಕ್ಸ್ ರೀ. ಮುಂದಿನ ವಾರ 'ಔಟ್ ಆಫ್ ದ ಪಾಸ್ಟ್' ಚಿತ್ರದ ಲೇಖನ ಶುರು ಮಾಡುತ್ತೇನೆ. ಒಮ್ಮೆ ಕಣ್ಣಾಡಿಸಿ.