ಡೆಂಗಿ ಲೆಕ್ಕಕ್ಕೆ ಜ್ವರ ಬಂದ ದಿನ ಬೇಕು

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ‘ಒಂದೇ ದಿನ ಇಷ್ಟು ಮಂದಿಗೆ ಡೆಂಗಿ’ ಎಂಬ ತಲೆಬರಹ ಶುರುವಾಗುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅಷ್ಟೂ ಜನರಿಗೆ ಅಂದೇ ಜ್ವರ ಬಂದಿರುವುದಿಲ್ಲ, ಅಂದು ವರದಿ ಬಂದಿರುತ್ತದೆ.

ರಕ್ತದಲ್ಲಿ ಡೆಂಗಿಯ ಕುರುಹು ಹುಡುಕಲು ಲ್ಯಾಬಿನಲ್ಲಿ ಮಾಡುವ ಎಲೈಸಾ ಪರೀಕ್ಷೆಯ ಪ್ಲಾಸ್ಟಿಕ್ ತಟ್ಟೆ ಅಂಗೈಯಗಲದ್ದು. ಸಾಲಿಗೆ 12ರಂತೆ ಎಂಟು ಸಾಲು, ಒಟ್ಟು 96 ಗುಳಿ. ಒಬ್ಬರ ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಒಂದು ಗುಳಿ. ಪ್ರತಿ ಸಲವೂ ಕೆಲವು ಗುಳಿಗಳನ್ನು ಕಂಟ್ರೋಲ್‌ಗೆ, ಅಂದರೆ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಾಳೆ ನೋಡುವ ಮಾದರಿಗಳಿಗೆ, ಬಿಡಲೇಬೇಕು. ಮೂರ್ನಾಲ್ಕು ಮಾದರಿಗೆಂದು ಪರೀಕ್ಷೆ ಹಚ್ಚಿದರೆ ಕಿಟ್ ದಂಡ. ಹಾಗಾಗಿ ಮಾದರಿ ಕಡಿಮೆ ಬರುವ ಕಡೆ ಒಂದೆರಡು ದಿನ ಕೂಡಿಟ್ಟು ಮಾಡುತ್ತಾರೆ. ನಡುವೆ ಭಾನುವಾರವೋ ಹಬ್ಬವೋ ಬಂದರೆ ಮೂರು ದಿನದ ಫಲಿತಾಂಶ ಒಟ್ಟಿಗೆ ಆರೋಗ್ಯ ಇಲಾಖೆಯ ಪೋರ್ಟಲ್‌ಗೆ ಏರುತ್ತದೆ, ಮರುದಿನ ಅದೇ ‘ದಿಢೀರ್ ಏರಿಕೆ’ ಎಂದು ಅಚ್ಚಾಗುತ್ತದೆ.

ಸೊಳ್ಳೆ ಕಚ್ಚಿ ಜ್ವರ ಬರಲು 4ರಿಂದ 10 ದಿನ. ಆಸ್ಪತ್ರೆಗೆ ಹೋಗುವುದು ಎರಡು-ಮೂರು ದಿನ ಮಾತ್ರೆ ನುಂಗಿ ನೋಡಿದ ಮೇಲೆ. ಅದರ ಮೇಲೆ ಲ್ಯಾಬಿನ ದಿನಗಳು. ಇಂದು ನಾವು ಓದುವುದು ಹೆಚ್ಚುಕಡಿಮೆ ಎರಡು ವಾರದ ಹಿಂದಿನ ಸೊಳ್ಳೆಯ ಲೆಕ್ಕ. ಅಂಕಿ ನೋಡಿ ಹೊಗೆ ಹಾಕಲು ಹೊರಟರೆ ಆ ಹೊತ್ತಿಗೆ ತೊಟ್ಟಿಯಲ್ಲಿ ಮುಂದಿನ ಪೀಳಿಗೆ ಮರಿಯಾಗಿರುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಸಾಕು.

ಇನ್ನು ಪರೀಕ್ಷೆಯ ದಿನ. ವೈರಸ್ಸಿನದೇ ಪ್ರೋಟೀನ್ ಆದ ಎನ್‌ಎಸ್‌1 ಸರಿಯಾಗಿ ಸಿಗುವುದು ಜ್ವರದ ಮೊದಲ ಐದು ದಿನ. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವಾದ ಐಜಿಎಂ ಕಾಣುವುದು ಅಲ್ಲಿಂದಾಚೆಗೆ. ಎರಡನೇ ದಿನವೇ ಐಜಿಎಂ ಒಂದನ್ನೇ ನೋಡಿದರೆ ಡೆಂಗಿ ಇದ್ದರೂ ನೆಗೆಟಿವ್ ಬರಬಹುದು. ಐಜಿಎಂ ಎರಡು-ಮೂರು ತಿಂಗಳು ರಕ್ತದಲ್ಲಿ ಉಳಿಯುವುದರಿಂದ ಹಳೆಯ ಸೋಂಕು ಇಂದಿನ ಪಟ್ಟಿಗೆ ಸೇರುವುದೂ ಉಂಟು.

ಖಾಸಗಿ ಕ್ಲಿನಿಕ್ಕುಗಳಲ್ಲಿ ಚಿಕ್ಕ ಪಟ್ಟಿಯ ಮೇಲೆ ಥಟ್ಟನೆ ಮಾಡುವ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದರೂ ಸೊಳ್ಳೆ ಮುಂತಾದವುಗಳಿಂದ ಹರಡುವ ರೋಗಗಳ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದ ನಿಯಮದಂತೆ ಅದು ದೃಢಪಟ್ಟ ಪ್ರಕರಣವಲ್ಲ, ಎಲೈಸಾ ಆಗಬೇಕು. 2024ರಲ್ಲಿ ರಾಜ್ಯ ಸರ್ಕಾರ ಎನ್‌ಎಸ್‌1 ಎಲೈಸಾಕ್ಕೆ 300 ರೂಪಾಯಿ, ಕಾರ್ಡ್ ಟೆಸ್ಟ್‌ಗೆ 250 ರೂಪಾಯಿ ಎಂದು ದರ ಗೊತ್ತುಮಾಡಿತು. ವ್ಯತ್ಯಾಸ ಐವತ್ತೇ ರೂಪಾಯಿ, ಆದರೂ ಅರ್ಧ ಗಂಟೆಯೊಳಗೆ ಉತ್ತರ ಕೊಡುವ ಕಾರ್ಡಿನತ್ತಲೇ ಜನ ವಾಲುತ್ತಾರೆ. ವಾರ್ಡು ತುಂಬಿದ್ದರೂ ಸರ್ಕಾರಿ ಪಟ್ಟಿ ಚಿಕ್ಕದಿರಲು ಇದೂ ಒಂದು ಕಾರಣ. ಎಲ್ಲವನ್ನೂ ‘ಮುಚ್ಚಿಡುತ್ತಿದ್ದಾರೆ’ ಎನ್ನುವುದು ಸರಿಯಲ್ಲ.

ಪಾಸಿಟಿವ್ ಸಂಖ್ಯೆಯ ಪಕ್ಕದಲ್ಲೇ ಎಷ್ಟು ಜನರನ್ನು ಪರೀಕ್ಷಿಸಿದರು ಎಂಬುದೂ ಇರಲಿ. ಒಂದು ತಾಲ್ಲೂಕಿನಲ್ಲಿ ಕಳೆದ ವಾರ 200 ಜನರಲ್ಲಿ 20, ಈ ವಾರ 600 ಜನರಲ್ಲಿ 42 ಎಂದಿಟ್ಟುಕೊಳ್ಳಿ. ಪ್ರಕರಣ ಇಮ್ಮಡಿ ದಾಟಿತು, ಪ್ರಮಾಣ ಶೇ 10ರಿಂದ 7ಕ್ಕೆ ಇಳಿಯಿತು. ಇದರಿಂದಲೇ ರೋಗ ತಗ್ಗಿತು ಎನ್ನಲೂ ಆಗದು. ಸಣ್ಣ ಜ್ವರದವರನ್ನೂ ಪರೀಕ್ಷೆಗೆ ಸೇರಿಸಿದರೆ ಪ್ರಮಾಣ ತಾನಾಗಿ ಇಳಿಯುತ್ತದೆ.

ಆರೋಗ್ಯ ಇಲಾಖೆ ವಾರಕ್ಕೊಮ್ಮೆ ಜ್ವರ ಶುರುವಾದ ದಿನದ ಪ್ರಕಾರ, ರೋಗಿಯ ವಾಸದ ತಾಲ್ಲೂಕಿನ ಪ್ರಕಾರ ಕಂಬಗಳ ನಕ್ಷೆ (ಗ್ರಾಫ್) ಕೊಡಲಿ. ಕೊನೆಯ ಹತ್ತು ದಿನದ ಕಂಬಗಳಿಗೆ ಬೇರೆ ಬಣ್ಣವಿರಲಿ. ಅವುಗಳ ವರದಿ ಇನ್ನೂ ಬರುತ್ತಿರುವುದರಿಂದ ಅಲ್ಲಿ ಕಂಬಗಳು ಯಾವಾಗಲೂ ಇಳಿದಂತೆ ತೋರುತ್ತವೆ. ನಿಮ್ಮ ವರದಿಗಾರರೂ ಅಧಿಕಾರಿಗಳ ಬಳಿ ಇದನ್ನೇ ಕೇಳಲಿ.

ಇದಕ್ಕೆ ಹೊಸ ತಂತ್ರಾಂಶ ಬೇಡ. ರಕ್ತದ ಜೊತೆ ಹೋಗುವ ಚೀಟಿಯಲ್ಲಿ ಜ್ವರ ಆರಂಭವಾದ ದಿನಾಂಕ ಬರೆಯದಿದ್ದರೆ ಲ್ಯಾಬಿನವರು ಮಾದರಿ ಪಡೆಯುವಾಗಲೇ ಕೇಳಿ ತುಂಬಿಸಲಿ.

ಇಂತಿ,
ಒಬ್ಬ ಓದುಗ