ದನಿಯ ಪಟ್ಟಿ ಕಳಿಸಿದ ಹುಡುಗಿಗೆ

ತೀರ್ಥಹಳ್ಳಿ ತಾಲ್ಲೂಕು
ಆಷಾಢ, ಮಳೆ ಬಿಟ್ಟಿಲ್ಲ

ಪ್ರಿಯ ಹುಡುಗೀ,

ನಿನ್ನ 9 ಕತೆಗಳ ಕಟ್ಟು ಬಂದು 20 ದಿನವಾಯಿತು. ಲಕೋಟೆಯ ಮೂಲೆ ನೆಂದು ಮೂರನೆಯ ಕತೆಯ ಕೊನೆಯ ಪುಟ ಅಳಿಸಿಹೋಗಿದೆ. ಓದಿ ನೋಡಿದೆ, ಅದರಿಂದ ಕತೆಗೆ ನಷ್ಟವಾದ ಹಾಗೆ ಕಾಣಲಿಲ್ಲ. ಸಿಟ್ಟಾಗಬೇಡ.

ಗುರುತು ಪರಿಚಯ ಇಲ್ಲದವಳಿಗೆ ಮೊದಲ ಸಾಲಿಗೇ ‘ನೀನು’ ಅಂದುಬಿಟ್ಟೆ. 31 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದ ಬಾಯಿ ಇದು, ಇನ್ನು ತಿದ್ದುವುದಿಲ್ಲ. ನೀನು ‘ಮೇಡಂ’ ಅಂದಿದ್ದೀಯ. ಅಕ್ಕ ಅನ್ನುವ ವಯಸ್ಸು ನನ್ನದಲ್ಲ, ಅಜ್ಜಿ ಅನ್ನಿಸಿಕೊಳ್ಳಲು ಮನಸ್ಸಿಲ್ಲ. ಟೀಚರ್ ಅನ್ನು. ಇಡೀ ಊರು ಹಾಗೇ ಕರೆಯುತ್ತದೆ.

ಸಂಪಾದಕರೊಬ್ಬರು ‘ಕತೆಗಳಿಗೆ ಟೋನ್ ಇಲ್ಲ’ ಅಂತ ಒಂದೇ ಸಾಲು ಬರೆದು ವಾಪಸು ಕಳಿಸಿದರು ಅಂದಿದ್ದೀಯ. ಅದನ್ನು ಓದಿ ಎರಡು ತಿಂಗಳು ಪೆನ್ನು ಮುಟ್ಟದೆ, ಟೋನಿಗೂ ಆಟಿಟ್ಯೂಡಿಗೂ, ಅಂದರೆ ಬರಹದ ದನಿಗೂ ಬರೆಯುವವರ ಮನೋಭಾವಕ್ಕೂ, ಇರುವ ಪದಗಳನ್ನೆಲ್ಲ ಕೂಡಿಹಾಕಿದ್ದೀಯ. 140 ಪದ, ಮೂರು ಕಾಲಮ್ಮು: ಒಳ್ಳೆಯವು, ಕೆಟ್ಟವು, ಎರಡೂ ಅಲ್ಲದವು. ‘ಇವನ್ನು ಬಾಯಿಪಾಠ ಮಾಡಿದರೆ ಸಾಕಾ, ಇನ್ನೂ ಬೇಕಾ?’ ಎಂದು ಕೆಳಗೆ ಕೇಳಿದ್ದೀಯ. ಕಾಗುಣಿತ, ಪ್ಯಾರಾ ಎಲ್ಲಿ ಒಡೆಯಬೇಕು, ಯಾವ ಪತ್ರಿಕೆಗೆ ಯಾವಾಗ ಕಳಿಸಬೇಕು, ಇದನ್ನೂ ಕೇಳಿದ್ದೀಯ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಈ ಪಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಮೊದಲು ಜಗಳ. ಪಟ್ಟಿ ಇಂಗ್ಲಿಷಿನದು, ಪಕ್ಕಕ್ಕೆ ಕನ್ನಡ ಅಂಟಿಸಿದವಳು ನೀನು. ಸಾರ್ಕಾಸ್ಟಿಕ್, ಐರಾನಿಕ್, ಸಾರ್ಡಾನಿಕ್, ಸಟೈರಿಕಲ್, ನಾಲ್ಕಕ್ಕೂ ‘ವ್ಯಂಗ್ಯ’ ಅಂತ ಬರೆದು ಮುಂದಕ್ಕೆ ಹೋಗಿದ್ದೀಯ. ಶಿವಮೊಗ್ಗದವಳು ಅಲ್ಲವಾ ನೀನು? ಒಂದು ದಿನ ಅಡಿಕೆ ಮಂಡಿಗೆ ಹೋಗಿ ನಿಂತು ನೋಡು. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ಹೆಸರು, ಬೇರೆ ಬೇರೆ ದರ. ನಮ್ಮಪ್ಪ ಚೀಲಕ್ಕೆ ಕೈ ಹಾಕಿ, ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಹೇಳುತ್ತಿದ್ದರು. ಅವರ ಮುಂದೆ ಹೋಗಿ ‘ಅಡಿಕೆ ಇದೆ’ ಅಂದರೆ ಯಾವುದು ಮಾರಾಯ್ತಿ ಅಂತ ಕೇಳುತ್ತಿದ್ದರು.

ನಿನ್ನ ವ್ಯಂಗ್ಯವೂ ಹಾಗೇ, ಯಾವುದು? ಅಣಕವಾದರೆ ಎದುರಿನವರ ದನಿಯನ್ನೋ ನಡಿಗೆಯನ್ನೋ ಮಾಡಿ ತೋರಿಸಬೇಕು. ಲೇವಡಿಗೆ ಸುತ್ತ ನಾಲ್ಕು ಜನ ಇರಬೇಕು, ಒಬ್ಬರೇ ಇದ್ದಾಗ ಅದು ನಡೆಯುವುದಿಲ್ಲ. ಗೇಲಿ ಗೆಳೆಯರೊಳಗೆ ಹೇಗೋ ದಕ್ಕುತ್ತದೆ. ಕೊಂಕಿನಲ್ಲಿ ಮಾತು ನೇರವಾಗಿಯೇ ಇರುತ್ತದೆ, ತುದಿ ಮಾತ್ರ ಬಾಗಿರುತ್ತದೆ. ಕುಹಕಕ್ಕೆ ಒಳಗೊಂದು ಲೆಕ್ಕಾಚಾರ ಇರುತ್ತದೆ. ಮೂದಲಿಕೆ ಎಂದರೆ ಮುಖಕ್ಕೆ ಮುಖ ಕೊಟ್ಟು ಕೊರತೆ ಎತ್ತಿ ಆಡುವುದು. ಇನ್ನು ಹಂಗಿಸುವುದು ಇದೆಯಲ್ಲ, ಅದರ ಹೊಟ್ಟೆಯೊಳಗೇ ‘ಹಂಗು’ ಕೂತಿದೆ. ಮಾಡಿದ ಉಪಕಾರವನ್ನು ನೆನಪಿಸಿ ನೋಯಿಸುವುದು ಅದು. ನಿನ್ನ ಐದನೆಯ ಕತೆಯ ಅತ್ತೆ ಸೊಸೆಯನ್ನು ಹಂಗಿಸುತ್ತಾಳೆ, ನೀನು ‘ವ್ಯಂಗ್ಯವಾಗಿ ನುಡಿದಳು’ ಅಂದಿದ್ದೀಯ. ಆ ಸೊಸೆ ಎಂಟು ವರ್ಷ ಉಂಡ ಅನ್ನದ ಲೆಕ್ಕವೆಲ್ಲ ಆ ಒಂದು ಪದದಲ್ಲಿ ಕಳೆದುಹೋಯಿತು.

ಹೀಗೆ ಪಟ್ಟಿ ಮಾಡಿದವರಲ್ಲಿ ನೀನೇ ಮೊದಲನೆಯವಳಲ್ಲ. ನಾಟ್ಯಶಾಸ್ತ್ರ ಬರೆದ ಭರತಮುನಿ, ಮನಸ್ಸಿನಲ್ಲಿ ಬಂದು ಹೋಗುವ ಭಾವಗಳನ್ನು 33 ಅಂತ ಎಣಿಸಿಟ್ಟಿದ್ದಾನೆ. ಗರ್ವ, ದೈನ್ಯ, ಅಸೂಯೆ, ವ್ರೀಡೆ, ಹೀಗೆ. ಅದರಲ್ಲಿ ನನಗೆ ಪ್ರೀತಿಯದು ಅವಹಿತ್ಥ, ಅಂದರೆ ಹುಟ್ಟಿದ ಭಾವವನ್ನು ಮುಚ್ಚಿಡುವುದು. ಮಗಳ ಮದುವೆಯ ಮಾತನ್ನು ಅಪ್ಪನ ಹತ್ತಿರ ಋಷಿ ಆಡುತ್ತಿದ್ದಾಗ ಪಾರ್ವತಿ ತಲೆ ತಗ್ಗಿಸಿ ಕೈಯಲ್ಲಿದ್ದ ತಾವರೆಯ ಎಸಳು ಎಣಿಸುತ್ತ ನಿಂತಳು ಅಂತ ಕಾಳಿದಾಸ ಹೇಳುತ್ತಾನೆ. ನಾಚಿದಳು ಅನ್ನುವುದಿಲ್ಲ. ನೀನಾಗಿದ್ದರೆ ‘ಎಂದು ಲಜ್ಜೆಯಿಂದ ಎಸಳು ಎಣಿಸಿದಳು’ ಅಂತ ಬರೆಯುತ್ತಿದ್ದೆ. ಹೌದೋ ಅಲ್ಲವೋ?

ನಮ್ಮ ಭಾಷೆಯಲ್ಲಿ ದನಿ ಇರುವುದು ಮಾತಿನ ಬಾಲದಲ್ಲಿ. ಬಂದ. ಬಂದನಂತೆ. ಬಂದನಲ್ಲ. ಬಂದ ಬಿಡು. ಬಂದೇಬಿಟ್ಟ. ವಕ್ಕರಿಸಿದ. ದಯಮಾಡಿಸಿದರು. ಬಂದವನು ಒಬ್ಬನೇ, ಬಾಗಿಲೂ ಅದೇ, ನೋಡಿದವಳ ಮನಸ್ಸು ಮಾತ್ರ ಏಳು ಸಲ ಬದಲಾಯಿತು. ‘ದೊಡ್ಡ ಸಾಹಿತಿಯಂತೆ’ ಅನ್ನುವಲ್ಲಿ ಆ ‘ಅಂತೆ’ ಮಾಡುವ ಕೆಲಸವನ್ನು ನಿನ್ನ 140ರಲ್ಲಿ ಯಾವುದು ಮಾಡುತ್ತದೆ ಹೇಳು? ಚಿಕ್ಕವಳಿದ್ದಾಗ ಅಪ್ಪನ ಜೊತೆ ಯಕ್ಷಗಾನದ ತಾಳಮದ್ದಳೆಗೆ ಹೋಗುತ್ತಿದ್ದೆ. ವೇಷವಿಲ್ಲ, ಕುಣಿತವಿಲ್ಲ, ಚಾಪೆಯ ಮೇಲೆ ಕೂತು ಬರೀ ಮಾತು. ಸಂಧಾನಕ್ಕೆ ಬಂದ ಕೃಷ್ಣನಿಗೆ ಕೌರವ ‘ಬನ್ನಿ, ಕೂತುಕೊಳ್ಳಿ’ ಅನ್ನಬೇಕು. ಪಾತ್ರದ ಮಾತಾಡುವ ಅರ್ಥಧಾರಿಗಳಲ್ಲಿ ಒಬ್ಬರು ಹಾಗೆ ಅಂದರೆ ಸಭೆಯೇ ಎದ್ದು ನಿಂತ ಹಾಗಾಗುತ್ತಿತ್ತು. ಇನ್ನೊಬ್ಬರು ‘ಬನ್ನಿ’ ಆದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ‘ಕೂತುಕೊಳ್ಳಿ’ ಅನ್ನುತ್ತಿದ್ದರು, ಯುದ್ಧ ಅಲ್ಲಿಗೇ ಗೊತ್ತಾಗಿಬಿಡುತ್ತಿತ್ತು.

ಹಾಗಾದರೆ ಪದ ಕಲಿಯುವುದೇ ಬೇಡವಾ ಅನ್ನುತ್ತೀಯ. ಬೇಕು. ಕತೆಯಲ್ಲಿ ಹಾಕುವುದಕ್ಕಲ್ಲ, ಬರೆದು ಮುಗಿಸಿ ನಿನ್ನ ಬರಹವನ್ನು ನೀನೇ ಓದುವಾಗ ಅದರಲ್ಲಿರುವ ದನಿಗೆ ಹೆಸರಿಡುವುದಕ್ಕೆ. ನನಗೆ ಸರಿಯಾದ ಹೊತ್ತಿಗೆ ಒಂದು ಪದ ಹೊಳೆಯದೆ ಹೋಯಿತು, ಅದನ್ನು ಹೇಳಲಿಕ್ಕೇ ಇಷ್ಟು ಸುತ್ತಿದೆ.

1989ರಲ್ಲಿ ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರನ ಮೇಲೆ ಒಂದು ಪ್ರಬಂಧ ಬರೆದಿದ್ದೆ. ಕೊಳೆರೋಗ ಬಾರದ ಹಾಗೆ ಮಳೆಗಾಲಕ್ಕೆ ಮೊದಲು ಮರ ಹತ್ತಿ ಗೊನೆಗೆ ಹೊದಿಕೆಯ ಕೊಟ್ಟೆ ಕಟ್ಟುವುದು, ಒಂದು ಮರದಿಂದ ಇನ್ನೊಂದು ಮರಕ್ಕೆ ಜೀಕಿ ದಾಟುವುದು, ಮೇಲಿಂದಲೇ ಊರಿನ ಸುದ್ದಿ ಹೇಳುವುದು, ಎಲ್ಲ ಇತ್ತು ಅದರಲ್ಲಿ. ವಾರಪತ್ರಿಕೆಯಲ್ಲಿ ಬಂತು, ಓದಿದವರು ನಕ್ಕರು, ಕಾಗದ ಬರೆದರು. ಯಾರಾದರೂ ಅದರ ಧಾಟಿ ಯಾವುದು ಅಂತ ಕೇಳಿದ್ದರೆ ಅಕ್ಕರೆ ಅನ್ನುತ್ತಿದ್ದೆ. ಆಣೆ ಮಾಡಿ ಅನ್ನುತ್ತಿದ್ದೆ.

ಅವನ ಮಗಳು ನನ್ನ ಕ್ಲಾಸಿನಲ್ಲೇ ಒಂಬತ್ತನೆಯ ತರಗತಿಯಲ್ಲಿದ್ದಳು. ಶನಿವಾರ ಬೆಳಗಿನ ಸ್ಕೂಲು ಬಿಟ್ಟ ಮೇಲೆ ಮೇಜಿನ ಹತ್ತಿರ ಬಂದು, ‘ಟೀಚರ್, ನಮ್ಮಪ್ಪನ್ನ ಚೆನ್ನಾಗಿ ಆಡ್ಕಂಡಿದೀರ’ ಅಂದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಹೋಂವರ್ಕ್ ತೋರಿಸುವ ಹಾಗೆ ಹೇಳಿ ಚೀಲ ಹಾಕಿಕೊಂಡು ಹೋದಳು.

ಮನೆಗೆ ಬಂದು ಓದಿದೆ. ಕೊನೆಗಾರ ಬಾಯಿಬಿಟ್ಟಲ್ಲೆಲ್ಲ ‘ಬತ್ತೀನಿ’, ‘ಹ್ಯಾಂಗೆ’, ‘ಯೋಳ್ತೀನಿ’. ಅದೇ ಪ್ರಬಂಧದಲ್ಲಿ ನಮ್ಮಪ್ಪ ಮಾತಾಡಿದಲ್ಲೆಲ್ಲ ‘ಬರುತ್ತೇನೆ’, ‘ಹೇಗೆ’, ‘ಹೇಳುತ್ತೇನೆ’. ನಮ್ಮಪ್ಪ ಹುಟ್ಟಿ ಸಾಯುವವರೆಗೆ ಒಂದು ದಿನವೂ ‘ಬರುತ್ತೇನೆ’ ಅಂದವರಲ್ಲ, ಅವರದ್ದೂ ‘ಬತ್ತೀನಿ’ಯೇ. ಕಾಗುಣಿತದಲ್ಲಿ ಅಪ್ಪನಿಗೆ ಶಲ್ಯ ಹೊದಿಸಿ, ಮರ ಹತ್ತುವವನನ್ನು ಬರಿಮೈಯಲ್ಲಿ ನಿಲ್ಲಿಸಿದ್ದೆ. ಅಕ್ಕರೆಯಂತೆ! ಆ ಹುಡುಗಿ ಹೇಳಿದ ಪದವೇ ಸರಿ: ಆಡಿಕೊಳ್ಳುವುದು. ಬೆನ್ನ ಹಿಂದೆ, ಅವನಿಗೆ ಓದಲು ಬಾರದು ಅನ್ನುವ ಧೈರ್ಯದಲ್ಲಿ.

ಆಮೇಲೆ ಕೊನೆಗಾರನೇ ಒಂದು ದಿನ ಅಂಗಳದಲ್ಲಿ ನಿಂತು ‘ನನ್ನ ಸುದ್ದಿ ಪೇಪರಲ್ಲಿ ಬಂತಂತೆ’ ಅಂದ. ಆ ‘ಅಂತೆ’ ಯಾವ ದನಿಯದು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕಾಫಿ ಕೊಟ್ಟೆ. ಕುಡಿದು ಹೋದ. ಪುಸ್ತಕ ಮಾಡುವಾಗ ಆ ಪ್ರಬಂಧ ಬಿಟ್ಟೆ, ಅದೇನು ದೊಡ್ಡ ಪ್ರಾಯಶ್ಚಿತ್ತ ಅಲ್ಲ.

ಇದೆಲ್ಲ ಹೇಳುವ ನಾನೂ ಕ್ಷಮಿಸುವುದರಲ್ಲಿ ಬಹಳ ಹಿಂದೆ. ನನ್ನ ಎರಡನೆಯ ಸಂಕಲನದ ಬಿಡುಗಡೆಗೆ ಬಂದಿದ್ದ ವಿಮರ್ಶಕರೊಬ್ಬರು ವೇದಿಕೆಯಲ್ಲೇ ‘ಹಳಹಳಿಕೆಯ ಕತೆಗಳು’ ಅಂದರು. ಹಳಹಳಿಸುವುದೆಂದರೆ ಹೋದದ್ದಕ್ಕೆ ಕೊರಗುವುದು. ಆ ಕತೆಗಳಲ್ಲಿ ಹಳೆಯ ಮನೆ ಬಿದ್ದದ್ದಕ್ಕೆ ನಾನು ಒಳಗೊಳಗೇ ಕುಣಿದಿದ್ದೆ, ಅದನ್ನು ಆ ಮನುಷ್ಯ ಕಾಣಲೇ ಇಲ್ಲ. ಪುಸ್ತಕ ಓದಿಯೇ ಇರಲಿಲ್ಲ ಅಂತ ನನ್ನ ಗುಮಾನಿ. ಈಗ ಅವರಿಲ್ಲ. ಸತ್ತವರ ಮೇಲೆ ಮುನಿಸು ಇಟ್ಟುಕೊಳ್ಳಬಾರದಂತೆ, ಇಟ್ಟುಕೊಂಡಿದ್ದೇನೆ. ನಿನಗೆ ‘ಟೋನ್ ಇಲ್ಲ’ ಅಂದವರ ಮೇಲೆ ನೀನೂ ಇಟ್ಟುಕೋ, ಬೇಡ ಅನ್ನುವುದಿಲ್ಲ. ಅವರು ಹೇಳಿದ್ದು ತಪ್ಪು ಕೂಡ. ನಿನ್ನ ಕತೆಗಳಿಗೆ ದನಿ ಇದೆ. ಅದು ಏನೆಂದು ನಿನಗೆ ತಿಳಿದಿಲ್ಲ, ಅಷ್ಟೆ.

ನಾಲ್ಕನೆಯ ಕತೆ ತೆಗೆ. ಒಂಬತ್ತರಲ್ಲಿ ಅದೊಂದೇ ನನ್ನನ್ನು ರಾತ್ರಿ ಎಬ್ಬಿಸಿದ್ದು, ಅದಿಲ್ಲದಿದ್ದರೆ ಈ ಕಾಗದವೂ ಇರುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗಿ ಕೊನೆಯ ಬಸ್ಸಿಗೆ ಇಳಿದು ಮನೆಗೆ ಬರುತ್ತಾಳೆ. ಬಚ್ಚಲ ಒಲೆಯ ಹೊಗೆ, ಬಾಗಿಲ ಹತ್ತಿರ ನೀರು ಸುರಿಸುತ್ತಿರುವ ಕಂಬಳಿ, ಎಲ್ಲ ಚೆನ್ನಾಗಿದೆ, ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ. ಆಮೇಲೆ ಅಮ್ಮ ‘ಊಟ ಮಾಡು’ ಎಂದು ತಾತ್ಸಾರದಿಂದ ಹೇಳಿದಳು. ಅಲ್ಲಿ ನನಗೆ ಮೈಯೆಲ್ಲ ಉರಿಯಿತು.

ತಾತ್ಸಾರ ಯಾರದು? ಅಮ್ಮನದೋ, ಅಮ್ಮನ ಮೇಲೆ ನಿನ್ನದೋ? ಕತೆಯಿಡೀ ಅವಳಿಗೆ ನೀನು ಒಂದು ಒಳ್ಳೆಯ ಮಾತು ಕೊಟ್ಟಿಲ್ಲ, ಒಂದು ಕಡೆ ಕೂರಿಸಿಯೂ ಇಲ್ಲ. ಹುಡುಗಿಯ ಹತ್ತಿರ ನಿಂತಾಗ ನಿನ್ನ ದನಿ ಕಕ್ಕುಲತೆಯದು, ಅಮ್ಮ ಬಂದ ಕೂಡಲೇ ಸಿಡುಕು. ಸಿಡುಕಬಾರದು ಅಂತಲ್ಲ, ಅಮ್ಮಂದಿರ ಮೇಲೆ ನಾನೂ ಸಿಡುಕಿದವಳೇ. ಆದರೆ ಅದಕ್ಕೆ ಸಿಡುಕು ಅಂತ ಹೆಸರಿಟ್ಟು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೋ. ಆಮೇಲೆ ‘ತಾತ್ಸಾರದಿಂದ’ ಹೊಡೆದುಹಾಕಿ ಆ ರಾತ್ರಿಯನ್ನು ಇನ್ನೊಮ್ಮೆ ನೋಡು.

ಮಲೆನಾಡಿನ ಯಾವ ಅಮ್ಮ ರಾತ್ರಿ ಒಂಬತ್ತಕ್ಕೆ ನೆಂದು ಬಂದ ಮಗಳಿಗೆ ‘ಊಟ ಮಾಡು’ ಅನ್ನುತ್ತಾಳೆ? ‘ಉಣ್ತೀಯಾ’ ಅಂದಳೋ, ‘ಬಡಿಸ್ಲಾ’ ಅಂದಳೋ, ‘ಅಲ್ಲಿದೆ, ಹಾಕ್ಕೋ’ ಅಂದಳೋ? ಅನ್ನದ ಪಾತ್ರೆ ಆರದ ಹಾಗೆ ಒಲೆಯ ಪಕ್ಕ ಇಟ್ಟಿದ್ದಳೋ, ತಣ್ಣಗೆ ನೆಲದ ಮೇಲೋ? ಸಾರಿಗೆ ಮುಚ್ಚಳ ಇತ್ತೋ? ಅವಳದು ಉಂಡಾಗಿತ್ತೋ, ಕಾಯುತ್ತ ಕೂತಿದ್ದಳೋ? ಅದನ್ನಷ್ಟು ನೋಡಿ ಬರೆದು ಕಳಿಸು, ಈ ಸಲ ಪ್ಲಾಸ್ಟಿಕ್ ಹಾಳೆ ಸುತ್ತಿ.

ನಿನ್ನ,
ಟೀಚರ್